ಬೀಜದ ಕಾಳು ಮತ್ತು ಎರಡನೆಯ ಬ್ಯಾಟರಿ

ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಸಾಗುವ ಹೆದ್ದಾರಿಯು ಕೂಡ್ಲಿಗಿಯನ್ನು ಮುಟ್ಟುವ ಎಡೆಯಲ್ಲಿ, ಹುಣಸೆಯ ಮರವೊಂದರ ನೆರಳನ್ನೇ ಅರ್ಧ ಚಾವಣಿಯಾಗಿ ಮಾಡಿಕೊಂಡಿರುವ ಚಿಕ್ಕ ಗ್ಯಾರೇಜೊಂದರ ಮುಂದೆ, ಕಳೆದ ಪುಷ್ಯಮಾಸದ ಒಂದು ಮಧ್ಯಾಹ್ನ, ನನ್ನ ಸ್ನೇಹಿತರಾದ ಪಶುವೈದ್ಯರೊಡನೆ ನಾನು ಕುಳಿತಿದ್ದೆನು. ಸರ್ಕಾರದ ಸೇವೆಯಿಂದ ನಿವೃತ್ತರಾಗಿ ವರ್ಷಗಳು ಸಂದಿದ್ದರೂ, ಕುರಿಗಳಿಗೆ ಲಸಿಕೆ ಹಾಕುವ ಕಾಲ ಬಂದಿತೆಂದರೆ ತಮ್ಮ ಸ್ವಂತದ ಹಳೆಯ ಮಹೀಂದ್ರ ಜೀಪನ್ನೇರಿ, ಇಲಾಖೆಯ ಹುಡುಗರ ಜೊತೆಗೂಡಿ ಹಟ್ಟಿಯಿಂದ ಹಟ್ಟಿಗೆ ಅಲೆಯುವ ಇವರ ವ್ರತಕ್ಕೆ ಈವರೆಗೆ ಭಂಗ ಬಂದಿಲ್ಲ. ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಮುಟ್ಟುವ ಆ ಜೀಪಿಗೆ ಅಂದು ಎರಡನೆಯದೊಂದು ಬ್ಯಾಟರಿಯನ್ನು ಕೂಡಿಸುವ ಕಾರ್ಯ ನಡೆದಿತ್ತು. ಹೊರನೋಟಕ್ಕೆ ಅಲ್ಪವೆನಿಸುವ ಈ ಕಾರ್ಯದ ಹಿಂದೆ ಹಿಂದಿನ ವೈಶಾಖದ ಒಂದು ರಾತ್ರಿಯ ದುಃಖವಿದ್ದಿತು. ಅದನ್ನು ಹೇಳುವ ಮುನ್ನ ನಮ್ಮ ಸೀಮೆಯ ಸ್ವರೂಪವನ್ನು ನಾಲ್ಕು ಮಾತಿನಲ್ಲಿ ಹೇಳಬೇಕು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲ್ಲೂಕುಗಳು ಆಳ್ವಿಕೆಯ ಗೆರೆಗಳು ಎಷ್ಟು ಸಲ ಬದಲಾದರೂ ತಮ್ಮ ಬದುಕಿನ ಗೆರೆಯನ್ನು ಬದಲಿಸಿಕೊಳ್ಳದ ನಾಡು. ಮದರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಸೀಮೆಯು 1953ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ಉಳಿದ ನಾಲ್ಕರೊಡನೆ ಹೊಸ ವಿಜಯನಗರ ಜಿಲ್ಲೆಯೊಳಗೆ ಕೂಡಿತು. ಆದರೆ ಕುರಿಯ ಹಿಂಡಿಗೆ ಜಿಲ್ಲೆಯೆಂಬುದಿಲ್ಲ. ಕೂಡ್ಲಿಗಿಯ ಪೂರ್ವಕ್ಕೆ, ಕರಡಿಗಳ ಧಾಮವೆಂದು 2013ರಲ್ಲಿ ಘೋಷಿತವಾದ ಗುಡೇಕೋಟೆಯ ಹೆಬ್ಬಂಡೆಗಳ ಸಂದಿನಲ್ಲಿ ಮೇಯುವ ಹಿಂಡು, ಮಳೆ ತಪ್ಪಿದರೆ ಚಿಕ್ಕಹಗರಿಯ ಮರಳನ್ನು ದಾಟಿ ಹಗರಿಬೊಮ್ಮನಹಳ್ಳಿಯ ಕಡೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ತುಂಗಭದ್ರಾ ಜಲಾಶಯದ ಹಿನ್ನೀರು ಸರಿದು ಬಯಲಾದ ನೆಲದ ಹಸಿರನ್ನು ಅರಸುತ್ತದೆ. ಹಿಂಗಾರಿ ಜೋಳದ ಕೊಯ್ಲಾದ ಮೇಲೆ ಹಡಗಲಿಯ ಎರೆಹೊಲಗಳಲ್ಲಿ ರಾತ್ರಿ ತಂಗಿ ಗೊಬ್ಬರವನ್ನಿತ್ತು, ಹೊಲದವನಿಂದ ಕಾಳನ್ನೋ ಹಣವನ್ನೋ ಪಡೆಯುತ್ತದೆ. ಬಳ್ಳಾರಿ ಕುರಿಯೆಂದು ತಜ್ಞರು ಪ್ರತ್ಯೇಕವಾಗಿ ಗುರುತಿಸಿರುವ, ಒರಟು ಉಣ್ಣೆಯ ತಳಿ ಈ ನೆಲದ್ದು. ಅದರ ಹಿಂದೆ ಹೋಗಬೇಕಾದ ವೈದ್ಯನಿಗೆ ದಾರಿಯೆಂಬುದು ಇರುವುದಿಲ್ಲ. ಕೆಂಪು ಮಸಬಿನಲ್ಲಿ ಕಲ್ಲು, ಹಳ್ಳದಲ್ಲಿ ಮರಳು, ಎರೆಯಲ್ಲಿ ಒಂದು ಹದ ಮಳೆ ಬಿದ್ದರೆ ಚಕ್ರವನ್ನೇ ನುಂಗುವ ಕೆಸರು. ನಾಲ್ಕು ಚಕ್ರವೂ ದುಡಿಯುವ ವಾಹನವು ಇಲ್ಲಿ ವಿಲಾಸವಲ್ಲ.

ಆ ವೈದ್ಯನ ಕೈಯಲ್ಲಿರುವುದು ಮತ್ತೂ ಸೂಕ್ಷ್ಮವಾದ ವಸ್ತು. ನಮ್ಮ ಕುರಿಗಾರರು ಹಿರೇಬೇನೆಯೆಂದು ಹೆದರಿ ಉಚ್ಚರಿಸುವ ಪಿಪಿಆರ್ ರೋಗವು ಭಾರತದಲ್ಲಿ ಮೊದಲಿಗೆ ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಹಿಂಡಿಗೆ ಒಮ್ಮೆ ಹೊಕ್ಕರೆ ಜ್ವರ, ಬಾಯಿಹುಣ್ಣು, ಭೇದಿಗಳಿಂದ ಹಟ್ಟಿಯನ್ನೇ ಬರಿದುಮಾಡಬಲ್ಲ ಈ ವ್ಯಾಧಿಯನ್ನು 2030ರ ಹೊತ್ತಿಗೆ ಲೋಕದಿಂದಲೇ ನಿರ್ಮೂಲಗೊಳಿಸಬೇಕೆಂದು ರಾಷ್ಟ್ರಗಳು ಸಂಕಲ್ಪ ಮಾಡಿವೆ. ಅದಕ್ಕೆ ಲಸಿಕೆಯಿದೆ, ಆದರೆ ಅದು ಜೀವಂತವಾದ, ದುರ್ಬಲಗೊಳಿಸಿದ ವಿಷಾಣುವಿನಿಂದ ಆದದ್ದಾದ ಕಾರಣ, ತಂಪು ತಪ್ಪಿದರೆ ಕುಪ್ಪಿಯೊಳಗೇ ಸತ್ತುಹೋಗುತ್ತದೆ, ದ್ರಾವಕದಲ್ಲಿ ಕರಗಿಸಿದ ಮೇಲಂತೂ ಒಂದೆರಡು ಗಂಟೆಗಳೊಳಗೆ ಬಳಸಿ ಮುಗಿಸಬೇಕು. ಕರುಳುಬೇನೆಯ ಲಸಿಕೆಯದು ಇದಕ್ಕೆ ಪ್ರತಿಯಾದ ಇನ್ನೊಂದು ತೊಡಕು: ಅದು ಕಾಯಲೂ ಬಾರದು, ಹೆಪ್ಪುಗಟ್ಟಲೂ ಬಾರದು. 2ರಿಂದ 8 ಡಿಗ್ರಿಗಳ ನಡುವಣ ಆ ಇಕ್ಕಟ್ಟಾದ ಓಣಿಯಲ್ಲೇ ಎರಡನ್ನೂ ನಡೆಸಿಕೊಂಡು ಹೋಗಬೇಕು. ಹಿಂದೆಲ್ಲ ಐಸು ತುಂಬಿದ ಪೆಟ್ಟಿಗೆಯಲ್ಲಿ ಒಯ್ಯುತ್ತಿದ್ದರು. ವೈಶಾಖದ 40 ಡಿಗ್ರಿಯ ಬಿಸಿಲಿನಲ್ಲಿ, ಮೂರು ದಿನ ಊರಿನ ಮುಖ ಕಾಣದ ಅಲೆದಾಟದಲ್ಲಿ ಐಸು ಎಲ್ಲಿಯವರೆಗೆ ಬಂದೀತು? ಅದಕ್ಕಾಗಿ ನಮ್ಮ ವೈದ್ಯರು ವಾಹನದ 12 ವೋಲ್ಟಿನಲ್ಲೇ ನಡೆಯುವ ಚಿಕ್ಕ ಫ್ರಿಜ್ಜೊಂದನ್ನು ಸ್ವಂತ ಹಣದಿಂದ ಕೊಂಡು ಜೀಪಿನಲ್ಲಿರಿಸಿದರು.

ಹಿನ್ನೀರಿನ ದಂಡೆಯ ಆ ರಾತ್ರಿ ನಾನು ಅವರೊಡನೆ ಇದ್ದೆನು. ಸಂಜೆ ಇಳಿಹೊತ್ತಿಗೆ ನಾವು ಹಟ್ಟಿಯನ್ನು ಮುಟ್ಟಿದಾಗ ಹಿಂಡುಗಳು ಇನ್ನೂ ಮರಳಿರಲಿಲ್ಲವಾಗಿ, ಬೆಳಗಿನ ತಂಪಿನಲ್ಲಿ ಲಸಿಕೆ ಹಾಕುವುದೆಂದು ನಿಶ್ಚಯಿಸಿ ಅಲ್ಲಿಯೇ ತಂಗಿದೆವು. ಫ್ರಿಜ್ಜು ಜೀಪಿನ ಒಂದೇ ಬ್ಯಾಟರಿಯಿಂದ ನಡೆದಿತ್ತು. ಬ್ಯಾಟರಿ ಇಳಿದಾಗ ತಾನಾಗಿ ನಿಲ್ಲುವ ಏರ್ಪಾಡು ಅದರೊಳಗೆ ಇತ್ತಾದರೂ, ಔಷಧಿ ಕೆಡಬಾರದೆಂಬ ಕಾಳಜಿಯಿಂದ ವೈದ್ಯರು ಅದನ್ನು ತೀರ ಕೆಳಗಿನ ಮಟ್ಟಕ್ಕೆ ಇಳಿಸಿದ್ದರು. ನಡುರಾತ್ರಿಯಲ್ಲಿ ಭರಣಿಯ ಮಳೆ ಗುಡುಗುತ್ತ ಬಂದು ಒಂದು ತಾಸು ಹೊಡೆದು ಹೋಯಿತು. ಬೆಳಗ್ಗೆ ಕೀಲಿ ತಿರುಗಿಸಿದರೆ ಸೆಲ್ಫು ಟಕ್ಕೆಂದು ಒಂದು ಸದ್ದು ಮಾಡಿ ಸುಮ್ಮನಾಯಿತು. ತಳ್ಳಿ ಸ್ಟಾರ್ಟ್ ಮಾಡೋಣವೆಂದರೆ ಎರೆನೆಲ. ಎಂಟು ಜನ ಕುರಿಗಾರರು ಹೆಗಲು ಕೊಟ್ಟರೂ ಚಕ್ರ ಹೂತಲ್ಲಿಂದ ಕದಲಲಿಲ್ಲ. ನಾಲ್ಕು ಚಕ್ರಗಳ ಬಲವೆಂಬುದು ಎಂಜಿನು ಎದ್ದ ಮೇಲಿನ ಮಾತು. ಎಂಜಿನೇ ಏಳದಿದ್ದರೆ ಆ ಬಲವೆಲ್ಲ ಕಬ್ಬಿಣದ ಭಾರ ಮಾತ್ರ. ಬೇರೊಂದು ಬ್ಯಾಟರಿಯನ್ನು ಬೈಕಿನ ಮೇಲೆ ಹೇರಿಸಿ ತರಿಸುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದನು, ಫ್ರಿಜ್ಜಿನೊಳಗಣ ಉಷ್ಣತೆ 18 ಡಿಗ್ರಿಯನ್ನು ದಾಟಿತ್ತು. ಒಂದೊಂದು ನೂರು ಕುರಿಗೆ ಸಾಲುತ್ತಿದ್ದ ಒಂಬತ್ತು ಕುಪ್ಪಿಗಳನ್ನು ವೈದ್ಯರು ಬೇರೆ ತೆಗೆದಿರಿಸಿ, ಹಾಕಬಾರದವುಗಳೆಂದು ಮೇಲೆ ಗುರುತು ಬರೆದರು. ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ನೀರೂ ಕುಡಿಸದೆ ಹಿಂಡನ್ನು ತಡೆದು ಕಾದಿದ್ದ ಹಟ್ಟಿಯ ಹಿರಿಯನು, “ಇರಲಿ ಬಿಡ್ರಿ ಸಾಹೇಬ್ರ, ಇನ್ನೊಮ್ಮಿ ಬರ್ರಿ” ಎಂದದ್ದು ನನ್ನ ಕಿವಿಯಲ್ಲಿ ಇಂದಿಗೂ ಇದೆ.

ಈ ವಿಪತ್ತಿನ ಕಾರಣವನ್ನು ಅರಿಯಬೇಕಾದರೆ ಬ್ಯಾಟರಿಯ ಸ್ವಭಾವವನ್ನು ಅರಿಯಬೇಕು. 1859ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಎಂಬ ವಿಜ್ಞಾನಿಯು ನಿರ್ಮಿಸಿದ ಸೀಸದ ಕೋಶವೇ ಇಂದಿಗೂ ನಮ್ಮ ಜೀಪು, ಲಾರಿ, ಟ್ರ್ಯಾಕ್ಟರುಗಳ ಬಾನೆಟ್ಟಿನ ಕೆಳಗೆ ಕುಳಿತಿರುವುದು. ಗಂಧಕಾಮ್ಲದಲ್ಲಿ ಸೀಸದ ಫಲಕಗಳೂ ಸೀಸದ ಡಯಾಕ್ಸೈಡಿನ ಫಲಕಗಳೂ ಎದುರುಬದುರಾಗಿ ನಿಂತಿರುತ್ತವೆ. ವಿದ್ಯುತ್ತು ಹೊರಗೆ ಹರಿದಂತೆಲ್ಲ ಎರಡು ಬಗೆಯ ಫಲಕಗಳೂ ಸೀಸದ ಸಲ್ಫೇಟಾಗಿ ಮಾರ್ಪಡುತ್ತ, ಆಮ್ಲವು ತೆಳುವಾಗಿ ನೀರಿನತ್ತ ಸಾಗುತ್ತದೆ. ಚಾರ್ಜು ಕೊಟ್ಟಾಗ ಈ ಕ್ರಿಯೆ ಹಿಮ್ಮೊಗವಾಗುತ್ತದೆ. ಒಂದು ಕೋಶಕ್ಕೆ 2 ವೋಲ್ಟಿಗಿಂತ ತುಸು ಮೇಲಾಗಿ, ಆರು ಕೋಶ ಸೇರಿ ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟನ್ನು ತೋರುತ್ತದೆ. 1912ರಲ್ಲಿ ಅಮೆರಿಕೆಯ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು ಬಂದ ಮೇಲೆ ಎಂಜಿನನ್ನು ಎಬ್ಬಿಸುವ ಭಾರವೂ ಬ್ಯಾಟರಿಯ ಮೇಲೆ ಬಿದ್ದಿತು. ಅದಕ್ಕೆ ಹಿಂದೆ ಹ್ಯಾಂಡಲು ಹೊಡೆಯಬೇಕಾಗಿತ್ತು. ಬಸ್ಸಿನ ಮೂತಿಗೆ ಹ್ಯಾಂಡಲು ಸಿಕ್ಕಿಸಿ ಬೆವರಿಳಿಸುತ್ತಿದ್ದ ಕ್ಲೀನರುಗಳನ್ನು ಕೊಟ್ಟೂರಿನ ನನ್ನ ಬಾಲ್ಯದಲ್ಲಿ ನಾನೂ ಕಂಡವನು.

ಈ ಎಬ್ಬಿಸುವ ಕಾರ್ಯಕ್ಕೂ ಫ್ರಿಜ್ಜನ್ನು ನಡೆಸುವ ಕಾರ್ಯಕ್ಕೂ ಇರುವ ಅಂತರವನ್ನು ವೈದ್ಯರು ನನಗೆ ಒಂದು ಲೆಕ್ಕದಿಂದ ತಿಳಿಸಿಕೊಟ್ಟರು. ಡೀಸೆಲ್ ಎಂಜಿನನ್ನು ತಿರುಗಿಸಲು ಸೆಲ್ಫು 250 ಆಂಪಿಯರನ್ನು ಮೂರು ಸೆಕೆಂಡು ಎಳೆಯಿತೆನ್ನಿ. ಅದು ಒಂದು ಆಂಪಿಯರ್-ಗಂಟೆಯ ಐದನೆಯ ಒಂದು ಪಾಲು ಮಾತ್ರ. ಫ್ರಿಜ್ಜಾದರೋ ನಾಲ್ಕೇ ಆಂಪಿಯರನ್ನು ಬೇಡುತ್ತದೆ, ಅದೂ ದಿನದ ಹತ್ತರಲ್ಲಿ ನಾಲ್ಕು ಪಾಲು ಹೊತ್ತು. ಆದರೂ ಇಪ್ಪತ್ತನಾಲ್ಕು ಗಂಟೆ ಕಳೆಯುವುದರೊಳಗೆ 38 ಆಂಪಿಯರ್-ಗಂಟೆಗಳನ್ನು ಹೀರಿರುತ್ತದೆ. ಒಂದು ಬಿರುಮಳೆ, ಇನ್ನೊಂದು ತೊಟ್ಟಿಕ್ಕುವ ಸೋರಿಕೆ. ಬಿರುಮಳೆಗೆಂದು ಕಟ್ಟಿದ ಸ್ಟಾರ್ಟಿಂಗ್ ಬ್ಯಾಟರಿಯಲ್ಲಿ ಫಲಕಗಳು ತೆಳುವು, ಸಂಖ್ಯೆಯಲ್ಲಿ ಬಹಳ. ಒಮ್ಮೆಗೇ ಹೆಚ್ಚು ವಿದ್ಯುತ್ತನ್ನು ಸುರಿಯಲು ಆ ರಚನೆ ಬೇಕು. ಅದೇ ಬ್ಯಾಟರಿಯನ್ನು ಸೋರಿಕೆಯಿಂದ ತಳದವರೆಗೆ ಇಳಿಸಿ ಹಾಗೆಯೇ ಬಿಟ್ಟರೆ ಫಲಕದ ಮೇಲಣ ಸಲ್ಫೇಟು ಗಟ್ಟಿ ಹರಳುಗಳಾಗಿ ಕೂತು, ಬಳಿಕ ಎಷ್ಟು ಚಾರ್ಜು ಕೊಟ್ಟರೂ ಕರಗದು. ಸೋರಿಕೆಯನ್ನು ತಾಳುವುದಕ್ಕೆ ದಪ್ಪ ಫಲಕಗಳ ಬೇರೆ ಜಾತಿಯ ಬ್ಯಾಟರಿಯೇ ಇದೆ. ಅದು ಮೆಲ್ಲನೆ ಕೊಡುತ್ತದೆ, ಆಳದವರೆಗೆ ಕೊಡುತ್ತದೆ, ನೂರಾರು ಸಲ ಇಳಿದು ಏರುತ್ತದೆ.

ಇದನ್ನು ಕೇಳುತ್ತಿದ್ದಂತೆ ನನ್ನ ಮನಸ್ಸು ಕೊಟ್ಟೂರಿನ ನಮ್ಮ ಹಳೆಯ ಮನೆಯ ಪಡಸಾಲೆಗೆ ಹೋಯಿತು. ಅಂಗಳದ ಹಗೇವಿನಲ್ಲಿ ವರ್ಷದ ಉಣ್ಣುವ ಜೋಳವಿರುತ್ತಿತ್ತು. ಆದರೆ ಬೀಜದ ಜೋಳವು ಹಗೇವಿಗೆ ಎಂದೂ ಇಳಿಯುತ್ತಿರಲಿಲ್ಲ. ರಾಶಿಯ ದಿನವೇ ಅಜ್ಜಿಯು ದುಂಡಾದ ತೆನೆಗಳನ್ನು ಆಯ್ದು, ಕಾಳನ್ನು ಬೂದಿಯೊಡನೆಯೂ ಬೇವಿನ ಎಲೆಯೊಡನೆಯೂ ಗುಡಾಣಕ್ಕೆ ತುಂಬಿ, ಬಾಯಿಗೆ ಸಗಣಿ ಮೆತ್ತಿ, ಅಡುಗೆಮನೆಯ ಮೂಲೆಯಲ್ಲಿ ಇರಿಸುವಳು. ಮಳೆ ತಪ್ಪಿದ ಒಂದು ವರ್ಷ ಹಗೇವು ಬರಿದಾಗಿ, ಸಾಲದ ಜೋಳ ತಂದು ಅಂಬಲಿ ಕಾಯಿಸಿದ ದಿನಗಳಲ್ಲಿಯೂ ಆ ಗುಡಾಣದ ಸಗಣಿಯ ಮುದ್ರೆ ಒಡೆಯಲಿಲ್ಲ. ಹಸಿದು ಅತ್ತ ನಾವು ಮಕ್ಕಳು ಅದನ್ನು ಕ್ರೌರ್ಯವೆಂದು ತಿಳಿದೆವು. ಮುಂದಿನ ರೋಹಿಣಿಗೆ ಮಳೆ ಬಂದಾಗ ಊರಿನಲ್ಲಿ ಬೀಜಕ್ಕಾಗಿ ಯಾರ ಬಾಗಿಲಿಗೂ ಹೋಗದೆ ಬಿತ್ತಿದ ಕೆಲವೇ ಮನೆಗಳಲ್ಲಿ ನಮ್ಮದೂ ಒಂದಾಗಿತ್ತು. ಹಿನ್ನೀರಿನ ದಂಡೆಯಲ್ಲಿ ನಾವು ಮಾಡಿದ ತಪ್ಪು ಏನೆಂಬುದು ಗ್ಯಾರೇಜಿನ ಆ ಹುಣಸೆಯ ನೆರಳಿನಲ್ಲಿ ನನಗೆ ಸ್ಪಷ್ಟವಾಯಿತು: ನಾವು ಬೀಜದ ಕಾಳನ್ನು ಉಂಡಿದ್ದೆವು.

ಜೀಪಿನಲ್ಲಿ ಎರಡನೆಯ ಬ್ಯಾಟರಿಯೆಂಬುದು ನಮ್ಮ ಕಡೆಗೆ ತೀರ ಹೊಸ ಸಂಗತಿಯೂ ಅಲ್ಲ. ಚುನಾವಣೆಯ ಪ್ರಚಾರಕ್ಕೂ ಕೊಟ್ಟೂರೇಶ್ವರ ಸ್ವಾಮಿಯ ತೇರಿನ ಕಾಲದ ಪ್ರಕಟಣೆಗಳಿಗೂ ಬರುತ್ತಿದ್ದ ಮೈಕಿನ ಜೀಪುಗಳಲ್ಲಿ, ಕೂಗುವವನ ಕಾಲಬುಡದಲ್ಲಿ, ಆಂಪ್ಲಿಫೈಯರಿಗೆಂದೇ ಬೇರೆ ಬ್ಯಾಟರಿ ಇರುತ್ತಿತ್ತು. ಎಂಜಿನಿಗೂ ಅದಕ್ಕೂ ಸಂಬಂಧವಿರಲಿಲ್ಲ. ರಾತ್ರಿ ಅದನ್ನು ಹೊತ್ತುಕೊಂಡು ಹೋಗಿ ಚಾರ್ಜಿಂಗ್ ಅಂಗಡಿಯಲ್ಲಿ ಇಡುತ್ತಿದ್ದರು. ಸಾಲಾಗಿ ಇಟ್ಟ ಬ್ಯಾಟರಿಗಳ ಮುಚ್ಚಳ ತೆಗೆದು, ಒಳಗೆ ಗುಳ್ಳೆಗಳು ಏಳುತ್ತಿರಲು, ಗಂಟಲು ಹಿಡಿಯುವ ಆಸಿಡ್ಡಿನ ವಾಸನೆಯ ನಡುವೆ ಅಂಗಡಿಯವನು ಗಾಜಿನ ಗೇಜಿನಿಂದ ದ್ರವವನ್ನು ಎಳೆದು ನೋಡುತ್ತಿದ್ದುದನ್ನು ನಾವು ಶಾಲೆ ಬಿಟ್ಟು ಬರುವಾಗ ನಿಂತು ನೋಡುತ್ತಿದ್ದೆವು. ಸೈನ್ಯದ ಜೀಪುಗಳಲ್ಲಿ ಮತ್ತೊಂದು ಬಗೆಯಿತ್ತು: 1950ರಲ್ಲಿ ಬಂದ ವಿಲ್ಲಿಸ್ ಕಂಪನಿಯ ಎಂ38 ಜೀಪಿನಲ್ಲಿ ಎರಡು ಬ್ಯಾಟರಿಗಳನ್ನು ಒಂದರ ಬೆನ್ನಿಗೊಂದು ಜೋಡಿಸಿ 24 ವೋಲ್ಟನ್ನು ಪಡೆಯುತ್ತಿದ್ದರು. ಅಲ್ಲಿ ಎರಡೂ ಕೂಡಿ ಒಂದೇ ಬ್ಯಾಟರಿ. ನಮಗೆ ಬೇಕಾದದ್ದು ಚಾರ್ಜು ಪಡೆಯುವಾಗ ಒಂದಾಗಿ, ಕೊಡುವಾಗ ಬೇರೆಯಾಗುವ ಎರಡು.

ಈ ಕೂಡುವ, ಅಗಲುವ ಕಾರ್ಯವನ್ನು ನಡೆಸುವ ಸಾಧನವೇ ಸಮಸ್ತ ಏರ್ಪಾಡಿನ ಪ್ರಾಣ. ಎರಡು ಬ್ಯಾಟರಿಗಳನ್ನು ಸುಮ್ಮನೆ ಸಮಾಂತರವಾಗಿ ಕಟ್ಟಿಬಿಟ್ಟರೆ ಎರಡೂ ಒಟ್ಟಿಗೆ ಇಳಿಯುತ್ತವೆ, ಬಲಹೀನವಾದದ್ದು ಬಲವುಳ್ಳದ್ದನ್ನು ಎಳೆಯುತ್ತದೆ. ಕೈಯಿಂದ ತಿರುಗಿಸುವ ಸ್ವಿಚ್ಚನ್ನು ಇಟ್ಟರೆ, ದಣಿದು ಮಲಗುವ ರಾತ್ರಿಯೇ ಅದನ್ನು ತಿರುಗಿಸಲು ಮರೆಯುವುದು ಮನುಷ್ಯಸ್ವಭಾವ. ಡಯೋಡುಗಳ ತಡೆಯಲ್ಲಿ ಮರೆವಿನ ಭಯವಿಲ್ಲ, ಆದರೆ ಅರ್ಧ ವೋಲ್ಟಿಗಿಂತ ಹೆಚ್ಚು ಅದರಲ್ಲೇ ಕಳೆದುಹೋಗುತ್ತದೆ. ಗ್ಯಾರೇಜಿನ ಮೇಸ್ತ್ರಿಯು ಅಂದು ಕೂರಿಸಿದ್ದು ವೋಲ್ಟನ್ನು ತಾನೇ ನೋಡಿ ನಡೆಯುವ ರಿಲೇ. ಎಂಜಿನು ಎದ್ದು, ಡೈನಮೋ ಮೊದಲನೆಯ ಬ್ಯಾಟರಿಯನ್ನು ತುಂಬುತ್ತ ಅದರ ವೋಲ್ಟು ಸುಮಾರು 13.3ಕ್ಕೆ ಏರಿದಾಗ ರಿಲೇ ಮುಚ್ಚಿ ಎರಡನೆಯದಕ್ಕೂ ದಾರಿ ಬಿಡುತ್ತದೆ. ಎಂಜಿನು ನಿಂತು ವೋಲ್ಟು 12.8ಕ್ಕೆ ಇಳಿಯುತ್ತಲೇ ಬಾಗಿಲು ಹಾಕಿಕೊಳ್ಳುತ್ತದೆ. ಮೊದಲು ಬೀಜದ ಗುಡಾಣ, ಅದು ತುಂಬಿದ ಮೇಲೆ ಹಗೇವು.

ಇಷ್ಟು ತಿಳಿದ ಮೇಲೆ ತಂತಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಅವಶ್ಯವೆಂದು ತಿಳಿಯುತ್ತೇನೆ, ಏಕೆಂದರೆ ಬಹುಪಾಲು ಕೇಡುಗಳು ಹುಟ್ಟುವುದು ತಂತಿಯಲ್ಲಿ. ಮುಂದಿನ ಬ್ಯಾಟರಿಯಿಂದ ಹಿಂದಿನದಕ್ಕೆ ಐದು ಮೀಟರ್ ತಾಮ್ರದ ತಂತಿ ಹೋಯಿತೆಂದೂ ಅದರಲ್ಲಿ 40 ಆಂಪಿಯರ್ ಹರಿಯಿತೆಂದೂ ಭಾವಿಸಿರಿ. ಅಡ್ಡಕೊಯ್ತದಲ್ಲಿ 6 ಚದರ ಮಿಲಿಮೀಟರಿನ ತಂತಿಯಾದರೆ ದಾರಿಯಲ್ಲೇ ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟ. 25 ಚದರ ಮಿಲಿಮೀಟರಿನದಾದರೆ ಒಂದು ವೋಲ್ಟಿನ ಏಳನೆಯ ಒಂದು ಪಾಲು ಮಾತ್ರ. ಅರ್ಧ ವೋಲ್ಟು ಹೋದರೇನೆಂದು ಕೇಳಬಹುದು. ಚಾರ್ಜಾಗುವ ಬ್ಯಾಟರಿಯು 14 ವೋಲ್ಟಿನ ಆಸುಪಾಸನ್ನು ಬೇಡುತ್ತಿರುವಾಗ ಅರ್ಧ ವೋಲ್ಟಿನ ಕೊರತೆಯಿಂದ ಅದು ತುಂಬುವುದು ನಿಧಾನವಾಗಿ, ಚಿಕ್ಕ ಓಟಗಳಲ್ಲಿ ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಹಾಗೆ ಉಳಿದ ಸೀಸದ ಬ್ಯಾಟರಿಯು ಬೇಗನೆ ಮುಪ್ಪಾಗುತ್ತದೆ.

ಫ್ಯೂಸಿನ ಮಾತು ಇದಕ್ಕಿಂತ ದೊಡ್ಡದು. ಸಾಧಾರಣ ತಂತಿಗೆ ವಿದ್ಯುತ್ತು ಒಂದು ತುದಿಯಿಂದ ಮಾತ್ರ ಬರುತ್ತದೆ. ಎರಡು ಬ್ಯಾಟರಿಗಳ ನಡುವಣ ತಂತಿಗೆ ಎರಡು ತುದಿಯಲ್ಲೂ ವಿದ್ಯುತ್ತು ಕಾದು ಕುಳಿತಿರುತ್ತದೆ. ಆದಕಾರಣ ಫ್ಯೂಸು ಎರಡು ತುದಿಗಳಲ್ಲಿಯೂ, ಬ್ಯಾಟರಿಯ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ ಇರಬೇಕು. ಹಿನ್ನೀರಿನ ಪ್ರಸಂಗದ ತರುವಾಯ ವೈದ್ಯರು ಆತುರದಲ್ಲಿ ಬೇರೊಂದು ಊರಿನಲ್ಲಿ ಈ ಕೆಲಸವನ್ನು ಒಮ್ಮೆ ಮಾಡಿಸಿದ್ದರು. ಮುಂದಿನ ತುದಿಗೆ ಮಾತ್ರ ಫ್ಯೂಸು ಹಾಕಿ, ತಂತಿಯನ್ನು ತಗಡಿನ ತೂತಿನಲ್ಲಿ ರಬ್ಬರಿನ ಬುಷ್ ಇಲ್ಲದೆ ತೂರಿಸಿದ್ದರು. ಗುಡೇಕೋಟೆಯ ಕಲ್ಲುದಾರಿಯ ಕುಲುಕಾಟದಲ್ಲಿ ತಗಡಿನ ಅಂಚು ತಂತಿಯ ಹೊದಿಕೆಯನ್ನು ಕೊಯ್ದು, ಒಂದು ಸಂಜೆ ಹಿಂದಿನ ಸೀಟಿನ ಕೆಳಗಿಂದ ಹೊಗೆ ಎದ್ದಿತು. ಮುಂದಿನ ಫ್ಯೂಸು ತನ್ನ ಧರ್ಮವನ್ನು ನೆರವೇರಿಸಿ ಸುಟ್ಟುಹೋಗಿತ್ತು. ಹಿಂದಿನ ಬ್ಯಾಟರಿಯಾದರೋ ತನ್ನಲ್ಲಿದ್ದುದನ್ನೆಲ್ಲ ಆ ತಂತಿಯೊಳಗೆ ಸುರಿಯುತ್ತಲೇ ಇತ್ತು. ಕಂಬಳಿ ಸುತ್ತಿದ ಕೈಯಿಂದ ವೈದ್ಯರು ತಂತಿಯನ್ನು ಕಿತ್ತೆಳೆದ ಗುರುತು ಅವರ ಅಂಗೈಯಲ್ಲಿ ಇನ್ನೂ ಇದೆ. ಓದುಗರಲ್ಲಿ ಯಾರಾದರೂ ಈ ಕೆಲಸವನ್ನು ಮಾಡಿಸುವವರಿದ್ದರೆ ಉಳಿದುದೆಲ್ಲವನ್ನೂ ಮರೆತರೂ ಈ ಎರಡನೆಯ ಫ್ಯೂಸನ್ನು ಮರೆಯಬಾರದೆಂದು ಕೈಮುಗಿದು ಬೇಡುತ್ತೇನೆ.

ಬ್ಯಾಟರಿಯನ್ನು ಎಲ್ಲಿ ಕೂರಿಸುವುದೆಂಬುದು ಬಳಿಕ ಬಂದ ಚರ್ಚೆ. ಬಾನೆಟ್ಟಿನ ಕೆಳಗೆ ತುಸು ಎಡೆಯಿತ್ತು, ಆದರೆ ನಮ್ಮ ಬೇಸಿಗೆಯ ಮೇಲೆ ಎಂಜಿನಿನ ಕಾವೂ ಸೇರುವ ಸ್ಥಳ ಅದು. ಹತ್ತು ಡಿಗ್ರಿ ಕಾವು ಏರಿದರೆ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುವುದೆಂಬುದು ಬಲ್ಲವರ ಅಂದಾಜು. ಹಿಂದಿನ ಅಡ್ಡಸೀಟಿನ ಕೆಳಗೆ ಇಡುವುದೆಂದು ನಿಶ್ಚಯವಾಯಿತು. “ಮನ್ಯಾಗ ಇನ್ವರ್ಟರ್ ಬ್ಯಾಟರಿ ಐತಲ್ರಿ ಸಾಹೇಬ್ರ, ಅದನ್ನ ಇಟ್ಟುಬಿಡಾಣೇನ್ರಿ?” ಎಂದು ಗ್ಯಾರೇಜಿನ ಹುಡುಗ ಕೇಳಿದನು. ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಮನೆಮನೆಗೂ ಬಂದಿರುವ ಆ ಟ್ಯೂಬುಲರ್ ಬ್ಯಾಟರಿಯು ಆಳಕ್ಕೆ ಇಳಿದು ಏರಬಲ್ಲದೆಂಬುದು ಸತ್ಯ. ಆದರೆ ಅದು ಗೋಡೆಯ ಬದಿಗೆ ಅಲುಗದೆ ನಿಲ್ಲಲೆಂದು ಹುಟ್ಟಿದ್ದು, ಒಳಗೆ ತುಳುಕುವ ಆಸಿಡ್ಡಿದೆ. ಮೇಲಾಗಿ ಚಾರ್ಜಾಗುವಾಗ ಅದರಿಂದ ಜಲಜನಕ ಏಳುತ್ತದೆ. ಮುಚ್ಚಿದ ವಾಹನದೊಳಗೆ ಅದು ತುಂಬಿಕೊಂಡರೆ ಒಂದು ಕಿಡಿ ಸಾಕು. ಆದುದರಿಂದ ದ್ರವವು ಗಾಜಿನ ನಾರಿನ ಹಾಸಿನಲ್ಲಿ ಹೀರಿಕೊಂಡಿರುವ, ಸೀಲು ಮಾಡಿದ 100 ಆಂಪಿಯರ್-ಗಂಟೆಯ ಬ್ಯಾಟರಿಯನ್ನೇ ತಂದಿದ್ದರು. ಜೀಪು ಮಗುಚಿದರೆ ಸುಮಾರು 30 ಕಿಲೋ ಭಾರದ ಅದು ಒಳಗಿರುವವರ ಮೇಲೆ ಬಂಡೆಯಂತೆ ಬೀಳುವುದಾದ್ದರಿಂದ, ಮೇಸ್ತ್ರಿಯು ಆಂಗ್ಲ್ ಕಬ್ಬಿಣದ ತಟ್ಟೆಯನ್ನು ಬೆಸೆದು, ಕೆಳಗೆ ರಬ್ಬರು ಹಾಸಿ, ಮೇಲೆ ಪಟ್ಟಿ ಬಿಗಿದನು. ಬಿಚ್ಚುವಾಗ ಮೊದಲು ಅರ್ಥಿನ ತಂತಿಯನ್ನೂ ಕಟ್ಟುವಾಗ ಕೊನೆಗೆ ಅದನ್ನೇ ಮುಟ್ಟುವ ಅವನ ಶಿಸ್ತನ್ನು ನಾನು ಗಮನಿಸಿದೆ. ಪಾನಾ ಜಾರಿ ಬಾಡಿಗೆ ತಗುಲಿದರೂ ಕಿಡಿ ಹಾರದಂತೆ ಕಾಯುವ ಕ್ರಮ ಅದು.

ಈ ಬ್ಯಾಟರಿಯ ಅರ್ಧವನ್ನು ಮಾತ್ರ ಉಣ್ಣಬೇಕೆಂಬುದು ವೈದ್ಯರು ತಮಗೆ ತಾವೇ ಹಾಕಿಕೊಂಡ ಕಟ್ಟು: 50 ಆಂಪಿಯರ್-ಗಂಟೆ, ಫ್ರಿಜ್ಜಿನ ಲೆಕ್ಕದಲ್ಲಿ ಒಂದು ಹಗಲು ಒಂದು ರಾತ್ರಿ ಮತ್ತೆ ಕೆಲವು ತಾಸು. ಅದನ್ನು ಮರಳಿ ತುಂಬುವುದಕ್ಕೆ ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋದಷ್ಟು ಓಟ ಸಾಲದು. ಸೀಸದ ಬ್ಯಾಟರಿಯು ಕೊನೆಯ ಐದನೆಯ ಒಂದು ಪಾಲನ್ನು ಬಹಳ ನಿಧಾನವಾಗಿ ತುಂಬಿಕೊಳ್ಳುತ್ತದೆ, ಅವಸರಪಡಿಸಲಾಗದು. ಅದಕ್ಕಾಗಿ ಜೀಪಿನ ನೆತ್ತಿಗೆ 100 ವಾಟಿನ ಸೌರಫಲಕವೊಂದನ್ನು ಬಿಗಿದರು. ಬಿಸಿಲೊಂದಕ್ಕೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಹೊಸ ಮಾದರಿಯ ವಾಹನಗಳಿರುವವರಿಗೆ ಒಂದು ಮಾತು: ಅನೇಕ ಹೊಸ ಗಾಡಿಗಳಲ್ಲಿ ಇಂಧನದ ಉಳಿತಾಯಕ್ಕಾಗಿ ಡೈನಮೋ ತನ್ನ ವೋಲ್ಟನ್ನು ಆಗಾಗ ತಾನೇ ಇಳಿಸಿಕೊಳ್ಳುವುದರಿಂದ ಮೇಲೆ ಹೇಳಿದ ರಿಲೇ ಅಲ್ಲಿ ದಾರಿ ತಪ್ಪುತ್ತದೆ, ವೋಲ್ಟನ್ನು ಏರಿಸಿ ಎರಡನೆಯ ಬ್ಯಾಟರಿಗೆ ಉಣಿಸುವ ಡಿಸಿ-ಡಿಸಿ ಚಾರ್ಜರು ಬೇಕು.

ಮಾಘದಲ್ಲಿ, ಮೈಲಾರಲಿಂಗನ ಕಾರಣಿಕವನ್ನು ಕೇಳಲು ಕುರಿಗಾರರು ಸೀಮೆಸೀಮೆಗಳಿಂದ ಸೇರುವ ಭರತ ಹುಣ್ಣಿಮೆಗೆ ಇನ್ನೂ ವಾರವಿರುವಾಗ, ಹರಪನಹಳ್ಳಿಯ ಕಡೆಯ ಹಟ್ಟಿಗಳನ್ನು ಮುಗಿಸಿಕೊಂಡು ನಾವು ಹಡಗಲಿಯ ಎರೆಯಲ್ಲಿ ತಂಗಿದೆವು. ಜೋಳದ ಕೂಳೆಯ ನಡುವೆ ಮೂರು ಹಿಂಡುಗಳು ಮಲಗಿದ್ದವು. ಹಿನ್ನೀರಿನ ಬಳಿ ಕಂಡಿದ್ದ ಅದೇ ಹಿರಿಯನು ಕಂಬಳಿ ಹೊದ್ದು ಬಂದು ಕುಳಿತು, ಬೆಳಕು ಮಿನುಗುವ ಫ್ರಿಜ್ಜನ್ನು ಬಹಳ ಹೊತ್ತು ನೋಡಿ, “ನಮ್ಮ ಹುಡುಗರ ಫೋನಿಗೂ ಒಂಚೂರು ಕೊಡ್ತೀರೇನ್ರಿ ಸಾಹೇಬ್ರ?” ಎಂದು ಸಂಕೋಚದಿಂದ ಕೇಳಿದನು. ವೈದ್ಯರು ಪುಸ್ತಕ ತೆಗೆದು ಲೆಕ್ಕ ಹಾಕಿದರು: ಹನ್ನೊಂದು ಫೋನು, 16 ಆಂಪಿಯರ್-ಗಂಟೆ, ತಂಪಾದ ರಾತ್ರಿಯಲ್ಲಿ ಫ್ರಿಜ್ಜಿಗೆ 15, ಒಟ್ಟು 31. “ತರಲಿ” ಎಂದರು. ಆ ರಾತ್ರಿ ಸೀಟಿನ ಮೇಲೆ ಹನ್ನೊಂದು ಫೋನುಗಳು ಸಾಲಾಗಿ ಮಲಗಿದವು.

ಬೆಳಗಿನ ಜಾವಕ್ಕೆ ವೈದ್ಯರು ನನಗಿಂತ ಮೊದಲೇ ಎದ್ದು ಮೀಟರನ್ನು ಹಿಡಿದಿದ್ದರು. ಎರಡನೆಯ ಬ್ಯಾಟರಿ 12.3, ಮೊದಲನೆಯದು 12.6, ಫ್ರಿಜ್ಜಿನೊಳಗೆ 4 ಡಿಗ್ರಿ. ಕೀಲಿ ತಿರುಗಿಸಿದರು, ಎಂಜಿನು ಒಂದೇ ಸಲಕ್ಕೆ ಎದ್ದಿತು. ಅದನ್ನು ಹಾಗೆಯೇ ನಡೆಯಗೊಟ್ಟು ಕೆಳಗಿಳಿದು, ಮೊದಲನೆಯ ಕುಪ್ಪಿಯನ್ನು ಕರಗಿಸಿ ಸಿರಿಂಜಿಗೆ ಎಳೆಯುವಷ್ಟರಲ್ಲಿ ಹಿರಿಯನು ಮೊದಲ ಕುರಿಯನ್ನು ಮೊಣಕಾಲ ಸಂದಿಯಲ್ಲಿ ಹಿಡಿದು ನಿಂತಿದ್ದನು.